ಟ್ರೆಡ್‌ಮಿಲ್ ಮೇಲೆ ನಿಂತ ವಿಮಾನ ಹಾರುತ್ತಾ? ನಾನು ನಕ್ಕು ಸೋತ ಒಂದು ಪ್ರಶ್ನೆ

ಈ ವಾರದ ಸಂಚಿಕೆ ಸ್ವಲ್ಪ ಬೇರೆ ಥರ. ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ. ಯಾಕಂದ್ರೆ ಇವತ್ತು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ಕೆಲಸಕ್ಕೆ ಅತಿಥಿಗಳನ್ನ ಕರೆಯೋದು ಸರಿಯಲ್ಲ.

ಮೂರು ವಾರದ ಹಿಂದೆ ಕೇಳುಗರ ಪ್ರಶ್ನೆಗಳ ಸಂಚಿಕೆ ಮಾಡಿದ್ದೆ, ನೆನಪಿರಬಹುದು. ಅದರಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ, ಫಸ್ಟ್ ಪಿಯುಸಿ ಓದ್ತಿರೋಳು, ವಾಯ್ಸ್ ಮೆಸೇಜ್ ಕಳಿಸಿದ್ಲು. ಅವಳ ಪ್ರಶ್ನೆ ಇದು: "ಅಣ್ಣ, ಒಂದು ದೊಡ್ಡ ಟ್ರೆಡ್‌ಮಿಲ್ ಇದೆ ಅಂದ್ಕೊಳ್ಳಿ. ರನ್‌ವೇಯಷ್ಟೇ ಉದ್ದ, ರನ್‌ವೇಯಷ್ಟೇ ಅಗಲ. ಅದರ ಮೇಲೆ ಒಂದು ವಿಮಾನ ನಿಂತಿದೆ. ವಿಮಾನ ಎಷ್ಟು ವೇಗವಾಗಿ ಮುಂದಕ್ಕೆ ಹೋಗುತ್ತೋ, ಬೆಲ್ಟು ಅಷ್ಟೇ ವೇಗವಾಗಿ ಹಿಂದಕ್ಕೆ ಓಡುತ್ತೆ. ವಿಮಾನ ಹಾರುತ್ತಾ, ಇಲ್ವಾ?" ಪ್ರಶ್ನೆ ಜೊತೆಗೆ ತನ್ನ ಉತ್ತರಾನೂ ಹೇಳಿದ್ಲು. "ಹಾರುತ್ತೆ ಅಂತ ನನಗನ್ಸುತ್ತೆ. ಆದ್ರೆ ನಮ್ಮ ಕ್ಲಾಸಲ್ಲಿ ಯಾರೂ ಒಪ್ತಿಲ್ಲ."

ನಾನೂ ಒಪ್ಪಲಿಲ್ಲ. ಒಪ್ಪದೇ ಇದ್ದಿದ್ರೆ ಪರವಾಗಿರ್ಲಿಲ್ಲ, ಮೈಕ್ ಮುಂದೆ ಜೋರಾಗಿ ನಕ್ಕುಬಿಟ್ಟೆ. "ಹಾಗಾದ್ರೆ ನಾನು ಜಿಮ್ಮಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿದ್ರೆ ಮಂಡ್ಯಕ್ಕೆ ಹೋಗಿ ಇಳೀಬೇಕಿತ್ತಲ್ಲ" ಅಂತ ಒಂದು ಜೋಕು ಬೇರೆ. ಆ ತುಣುಕನ್ನ ರೀಲ್ಸ್ ಮಾಡಿ ಹಾಕಿದ್ದೂ ನಾನೇ. ಚೆನ್ನಾಗಿ ಓಡ್ತು.

ಎರಡು ದಿನ ಬಿಟ್ಟು ಅವಳದ್ದೇ ಇನ್ನೊಂದು ವಾಯ್ಸ್ ಮೆಸೇಜ್ ಬಂತು. ಸಿಟ್ಟೇನೂ ಇರಲಿಲ್ಲ, ಸ್ವಲ್ಪ ಸಣ್ಣ ದನಿ. "ಅಣ್ಣ, ನೀವು ನಕ್ಕಿದ್ದನ್ನ ನಮ್ಮ ಕಾಲೇಜಲ್ಲಿ ಎಲ್ಲರೂ ನೋಡಿದ್ರು. ನನ್ನ ಉತ್ತರ ತಪ್ಪಿದ್ರೆ ಯಾಕೆ ತಪ್ಪು ಅಂತ ಹೇಳಿ. ನಗೋದು ಉತ್ತರ ಅಲ್ವಲ್ಲ."

ನಗೋದು ಉತ್ತರ ಅಲ್ವಲ್ಲ. ಆ ಮಾತು ಮೂರು ದಿನ ತಲೇಲಿ ಕೂತುಬಿಡ್ತು. ಮೊದಲು ನಾನು ಮಾಡಿದ್ದೇನು ಗೊತ್ತಾ? ನಾನೇ ಸರಿ ಅಂತ ತೋರಿಸೋಕೆ ಸಾಕ್ಷಿ ಹುಡುಕೋಕೆ ಕೂತೆ. ಆ ಹುಡುಕಾಟದಲ್ಲೇ ಗೊತ್ತಾಯ್ತು, ತಪ್ಪಿದ್ದು ನಾನು. ಅವಳು ಸರಿ. ವಿಮಾನ ಹಾರುತ್ತೆ.

ಇವತ್ತು ಅದು ಯಾಕೆ ಅಂತ ಹೇಳ್ತೀನಿ. ನಾನು ಬಿ.ಕಾಂ. ಓದಿದವನು. ಫಿಸಿಕ್ಸ್ ಬಿಟ್ಟು ಹತ್ತು ವರ್ಷದ ಮೇಲಾಯ್ತು. ಹಾಗಾಗಿ ನನಗೆ ಹೇಗೆ ಅರ್ಥ ಆಯ್ತೋ ಹಾಗೇ ಹೇಳ್ತೀನಿ.

ನನ್ನ ತಪ್ಪು ಎಲ್ಲಿತ್ತು?

ಈ ಪ್ರಶ್ನೆ ಹೊಸದೇನಲ್ಲ. 2005, 2006ರ ಹೊತ್ತಿಗೇ ಇಂಟರ್ನೆಟ್‌ನಲ್ಲಿ ಇದರ ಮೇಲೆ ದೊಡ್ಡ ದೊಡ್ಡ ಜಗಳಗಳಾಗಿವೆ. ಇಂಜಿನಿಯರುಗಳು, ಪೈಲಟ್‌ಗಳು ಕೂಡ ಎರಡು ಗುಂಪಾಗಿ ಕಿತ್ತಾಡಿದ್ದಾರೆ. ಅಂದ್ರೆ ತಪ್ಪಿದವನು ನಾನೊಬ್ಬನೇ ಅಲ್ಲ. ಇದು ಸಮಾಧಾನಕ್ಕೆ ಹೇಳಿಕೊಂಡಿದ್ದು, ನೆಪಕ್ಕಲ್ಲ.

ನನ್ನ ತಲೇಲಿ ಓಡಿದ ಚಿತ್ರ ಯಾವುದು ಅಂದ್ರೆ, ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡ್ತಿರೋ ನಾನು. ನಾನು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡ್ತೀನಿ, ಬೆಲ್ಟು 8 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತೆ. ಕೂಡಿ ಕಳೆದ್ರೆ ಸೊನ್ನೆ. ಬೆವರು ಬಂತು, ಊರು ಬರಲಿಲ್ಲ. ನಾನಿದ್ದ ಜಾಗದಲ್ಲಿ ವಿಮಾನ ಇಟ್ಟೆ. ವಿಮಾನ ನಿಂತಲ್ಲೇ ನಿಲ್ಲುತ್ತೆ, ರೆಕ್ಕೆಗೆ ಗಾಳಿ ಸಿಗಲ್ಲ, ಹಾರಲ್ಲ. ಲೆಕ್ಕ ಮುಗೀತು.

ಈ ಲೆಕ್ಕದಲ್ಲಿ ಅರ್ಧ ಸರಿ ಇದೆ. ರೆಕ್ಕೆಗೆ ಗಾಳಿ ಸಿಗದೇ ಇದ್ರೆ ವಿಮಾನ ಹಾರಲ್ಲ, ಅದು ನೂರಕ್ಕೆ ನೂರು ನಿಜ. ಗಾಳಿಯನ್ನ ಸೀಳಿಕೊಂಡು ಮುಂದೆ ಹೋಗ್ತಾ ರೆಕ್ಕೆ ಅದನ್ನ ಕೆಳಕ್ಕೆ ತಳ್ಳುತ್ತೆ, ಅದಕ್ಕೆ ಪ್ರತಿಯಾಗಿ ಗಾಳಿ ರೆಕ್ಕೆಯನ್ನ ಮೇಲಕ್ಕೆ ತಳ್ಳುತ್ತೆ. ನ್ಯೂಟನ್ನನ ಮೂರನೇ ನಿಯಮ, ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೇ. ಹಾಗಾಗಿ ವಿಮಾನ ನಿಂತಲ್ಲೇ ನಿಂತ್ರೆ ಕಥೆ ಮುಗೀತು. "ಜೆಟ್ ಇಂಜಿನ್ನೇ ರೆಕ್ಕೆಗೆ ಗಾಳಿ ಊದುತ್ತೆ, ನಿಂತಲ್ಲೇ ಏಳುತ್ತೆ" ಅಂತ ಕೆಲವರು ಹೇಳ್ತಾರೆ, ಅದೂ ತಪ್ಪು. ಜೆಟ್ ಇಂಜಿನ್ ತನ್ನೊಳಗೆ ಗಾಳಿ ಎಳ್ಕೊಂಡು ಹಿಂದಕ್ಕೆ ಬಿಡುತ್ತೆ. ರೆಕ್ಕೆಗೆ ಬೇಕಾದಷ್ಟು ಗಾಳಿ ಸಿಗಬೇಕಂದ್ರೆ ಇಡೀ ವಿಮಾನ ಓಡಲೇಬೇಕು.

ಹಾಗಾದ್ರೆ ಪ್ರಶ್ನೆ ಇಷ್ಟೇ. ಬೆಲ್ಟು ಹಿಂದಕ್ಕೆ ಓಡಿದ್ರೆ ವಿಮಾನ ನಿಜವಾಗ್ಲೂ ನಿಂತಲ್ಲೇ ನಿಲ್ಲುತ್ತಾ? ನಾನು ಇದನ್ನ ಪ್ರಶ್ನೆ ಅಂತಾನೇ ನೋಡಿರಲಿಲ್ಲ. ಉತ್ತರ ಅಂದ್ಕೊಂಡುಬಿಟ್ಟಿದ್ದೆ.

ಮಾವನ ಎತ್ತಿನಗಾಡಿ

ನನ್ನ ಕಣ್ಣು ತೆರೆಸಿದ್ದು ಯಾವ ಪ್ರೊಫೆಸರೂ ಅಲ್ಲ, ನನ್ನ ಸೋದರಮಾವ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ರಿಟೈರ್ ಆಗಿ ಊರಲ್ಲಿ ತೋಟ ನೋಡ್ಕೊಂಡಿದ್ದಾರೆ. ಆ ಭಾನುವಾರ ಊರಿಗೆ ಹೋಗಿದ್ದೆ. ಊಟ ಆದ್ಮೇಲೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಿದ್ರು. ಕೇಳಿದೆ.

"ಮಾವ, ರನ್‌ವೇಯಷ್ಟು ಉದ್ದದ ಟ್ರೆಡ್‌ಮಿಲ್ ಮೇಲೆ ವಿಮಾನ ನಿಲ್ಲಿಸಿದ್ರೆ ಹಾರುತ್ತಾ?"

"ಟ್ರೆಡ್‌ಮಿಲ್ ಅಂದ್ರೆ, ನಿಮ್ಮ ಜಿಮ್ಮಲ್ಲಿ ನಿಂತ ಜಾಗದಲ್ಲೇ ಓಡ್ತೀರಲ್ಲ, ಅದಾ?"

"ಹೂಂ, ಅದೇ. ಹಿಂದಕ್ಕೆ ಓಡ್ತಾ ಇರುತ್ತೆ."

ಮಾವ ಎಲೆಗೆ ಸುಣ್ಣ ಸವರ್ತಾ ಕೇಳಿದ್ರು, "ವಿಮಾನದ ಇಂಜಿನ್ನಿಂದ ಚಕ್ರಕ್ಕೆ ಕನೆಕ್ಷನ್ ಕೊಟ್ಟಿರ್ತಾರೇನೋ?"

ನಾನು ತಡವರಿಸಿದೆ. "ಇಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಆಗಲ್ಲ ಕಣೋ. ಬಸ್ಸಿನ ಇಂಜಿನ್ನು ಹಿಂದಿನ ಚಕ್ರ ತಿರುಗಿಸುತ್ತೆ, ಚಕ್ರ ರಸ್ತೆನ ಹಿಂದಕ್ಕೆ ಒದೆಯುತ್ತೆ, ಬಸ್ಸು ಮುಂದೆ ಹೋಗುತ್ತೆ. ರಸ್ತೆನೇ ಹಿಂದಕ್ಕೆ ಜಾರಿದ್ರೆ ಬಸ್ಸು ಅಲ್ಲೇ. ವಿಮಾನಕ್ಕೆ ಹಂಗೆ ಇದ್ಯಾ, ಇಲ್ವಾ, ಅದನ್ನ ಮೊದ್ಲು ನೋಡು."

ಮೊಬೈಲ್ ತೆಗೆದು ನೋಡಿದೆ. ಇಲ್ಲ. ನಾವು ಓಡಾಡೋ ವಿಮಾನಗಳ ಚಕ್ರಕ್ಕೆ ಬ್ರೇಕ್ ಇರುತ್ತೆ, ಆದ್ರೆ ಚಕ್ರ ತಿರುಗಿಸೋಕೆ ಇಂಜಿನ್ ಕನೆಕ್ಷನ್ ಇರಲ್ಲ. ಚಕ್ರ ಸುಮ್ಮನೆ ಬೇರಿಂಗ್ ಮೇಲೆ ಉರುಳುತ್ತೆ. ನೆಲದ ಮೇಲೆ ನಿಧಾನಕ್ಕೆ ಸಾಗೋವಾಗಲೂ ವಿಮಾನವನ್ನ ಮುಂದೆ ನೂಕೋದು ಅದೇ ಜೆಟ್ ಇಂಜಿನ್ನು. ವಿಮಾನ ನಿಲ್ದಾಣದಲ್ಲಿ ಹೊರಡೋ ಮುಂಚೆ ಒಂದು ಗಿಡ್ಡನೆ ಟ್ರ್ಯಾಕ್ಟರ್ ಥರದ ಗಾಡಿ ಬಂದು ವಿಮಾನನ ಹಿಂದಕ್ಕೆ ತಳ್ಳುತ್ತಲ್ಲ, ಕಿಟಕಿ ಪಕ್ಕ ಕೂತವರು ನೋಡಿರ್ತೀರಿ. ಚಕ್ರಕ್ಕೆ ಗೇರ್ ಇದ್ದಿದ್ರೆ ರಿವರ್ಸ್ ಹಾಕ್ಕೊಂಡು ತಾನೇ ಹೋಗಬಹುದಿತ್ತು.

ಮಾವನಿಗೆ ಹೇಳಿದೆ. ಅವರು ಎಲೆ ಬಾಯಿಗೆ ಹಾಕ್ಕೊಂಡು ಹೇಳಿದ್ದು ಇದು:

"ಹಂಗಾದ್ರೆ ಅದು ಬಸ್ಸಲ್ಲ, ಎತ್ತಿನಗಾಡಿ. ಗಾಡಿಯ ಚಕ್ರ ಗಾಡಿನ ಎಳೆಯಲ್ಲ, ಎತ್ತು ಎಳೆಯುತ್ತೆ. ನಿನ್ನ ಟ್ರೆಡ್‌ಮಿಲ್ ಮೇಲೆ ಗಾಡಿ ನಿಲ್ಲಿಸು, ಎತ್ತುಗಳನ್ನ ಮುಂದೆ ಗಟ್ಟಿ ನೆಲದ ಮೇಲೆ ನಿಲ್ಲಿಸು. ಬೆಲ್ಟು ಎಷ್ಟಾದ್ರೂ ಹಿಂದಕ್ಕೆ ಓಡ್ಲಿ. ಎತ್ತು ಹೆಜ್ಜೆ ಇಟ್ರೆ ಗಾಡಿ ಬರುತ್ತೆ. ಚಕ್ರ ಗಿರಗಿರ ಜೋರಾಗಿ ತಿರುಗುತ್ತೆ, ಅಷ್ಟೇ. ಕೀಲೆಣ್ಣೆ ಚೆನ್ನಾಗಿ ಹಾಕಿದ್ರೆ ಎತ್ತಿಗೆ ಗೊತ್ತೂ ಆಗಲ್ಲ."

ನಾನು ಬಿಟ್ಟಿದ್ದ ಜಾಗ ಅದೇ ಆಗಿತ್ತು. ವಿಮಾನಕ್ಕೆ ಎತ್ತು ಯಾವುದು? ಇಂಜಿನ್ನು. ಆ ಎತ್ತು ಕಾಲೂರಿ ನಿಂತಿರೋ ನೆಲ ಯಾವುದು? ಗಾಳಿ. ಬೆಲ್ಟು ಕದಲಿಸೋದು ಚಕ್ರದ ಕೆಳಗಿನ ನೆಲವನ್ನ. ಇಂಜಿನ್ನು ಒದೆಯೋದು ಗಾಳಿಯನ್ನ. ಬೆಲ್ಟಿನ ಕೈ ಅಲ್ಲಿಗೆ ಮುಟ್ಟೋದೇ ಇಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಹಾಗೆ. ಕೆಲಸ ಮಾಡ್ತಿರೋದು ಇಂಜಿನ್ನು, ಬೆಲ್ಟು ಬರೆ ಹಾಕ್ತಿರೋದು ಚಕ್ರಕ್ಕೆ.

ಇದಾದ್ಮೇಲೆ ಯೋಚನೆ ಮಾಡಿದೆ, ನನಗೆ ಇದು ಯಾಕೆ ಹೊಳೀಲಿಲ್ಲ ಅಂತ. ನಾನು ಹುಟ್ಟಿದಾಗಿನಿಂದ ಮುಂದೆ ಹೋಗಿರೋದೆಲ್ಲ ನೆಲ ಒದ್ದೇ. ನಡೆದಿದ್ದು, ಸೈಕಲ್ಲು, ಸ್ಕೂಟರು, ಬಸ್ಸು, ರೈಲು, ಎಲ್ಲ ನೆಲವನ್ನೋ ಹಳಿಯನ್ನೋ ಹಿಂದಕ್ಕೆ ಒದ್ದು ಮುಂದೆ ಹೋಗೋವು. ಆ ಅನುಭವಾನೇ ನನಗೆ ಸಾಮಾನ್ಯ ಜ್ಞಾನ ಆಗಿಬಿಟ್ಟಿತ್ತು. ವಿಮಾನಕ್ಕೂ ಚಕ್ರ ಇದೆಯಲ್ಲ, ಅದೂ ಹಾಗೇ ಇರಬೇಕು ಅಂದ್ಕೊಂಡೆ.

ಜಿಮ್ಮಲ್ಲಿ ಒಂದು ಪ್ರಯೋಗ

ಮಾವನ ಮಾತು ಮನಸ್ಸಿಗೆ ಒಪ್ಪಿತು, ಆದ್ರೂ ಕಣ್ಣಾರೆ ನೋಡಬೇಕು ಅನ್ನಿಸ್ತು. ನಮ್ಮ ಏರಿಯಾದ ಒಂದು ಜಿಮ್ಮಿಗೆ ಬೆಳಗ್ಗೆ 11 ಗಂಟೆಗೆ ಹೋದೆ, ಆ ಹೊತ್ತಲ್ಲಿ ಖಾಲಿ ಇರುತ್ತೆ. ಟ್ರೈನರ್ ನನಗೆ ಪರಿಚಯ. ಪಕ್ಕದ ಮನೆ ಹುಡುಗನ ಸ್ಕೇಟ್‌ಬೋರ್ಡ್ ಕೇಳಿ ತಂದಿದ್ದೆ. ಅದರ ಮೇಲೆ 10 ಕೆಜಿಯ ಎರಡು ಪ್ಲೇಟ್ ಇಟ್ಟು ಬಿಗಿಯಾಗಿ ಕಟ್ಟಿದೆ. ಊರಿಗೆ ಹೋಗೋವಾಗ ಲಗೇಜ್ ತೂಗೋಕೆ ಕೊಕ್ಕೆ ಇರೋ ಚಿಕ್ಕ ತಕ್ಕಡಿ ಇರುತ್ತಲ್ಲ, ಅದನ್ನ ದಾರದಿಂದ ಸ್ಕೇಟ್‌ಬೋರ್ಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನ ಟ್ರೆಡ್‌ಮಿಲ್ಲಿನ ಮುಂದಿನ ಹಿಡಿಗೆ ಕಟ್ಟಿದೆ.

ಬೆಲ್ಟ್ ಆನ್ ಮಾಡಿದೆ. ಗಂಟೆಗೆ 4 ಕಿಲೋಮೀಟರ್. ಚಕ್ರ ತಿರುಗೋಕೆ ಶುರುವಾಯ್ತು, ತಕ್ಕಡಿ ಅರ್ಧ ಕೆಜಿ ಆಸುಪಾಸು ತೋರಿಸ್ತು. 8ಕ್ಕೆ ಏರಿಸಿದೆ. ಮುಳ್ಳು ಸ್ವಲ್ಪ ಕುಣೀತು, ಆದ್ರೆ ಅಲ್ಲೇ ನಿಂತ್ತು. 12ಕ್ಕೆ ಏರಿಸಿದೆ. ಚಕ್ರದ ಸದ್ದು ಜೋರಾಯ್ತು, ಟ್ರೈನರ್ ಮುಖ ಗಂಟಿಕ್ಕಿಕೊಂಡ, ಮುಳ್ಳು ಮಾತ್ರ ಹೆಚ್ಚುಕಡಿಮೆ ಅದೇ ಅರ್ಧ ಕೆಜಿ.

ಇದೇ ವಿಷಯ. ಬೆಲ್ಟಿನ ವೇಗ ಮೂರು ಪಟ್ಟಾಯ್ತು. ಬೆಲ್ಟು ಸ್ಕೇಟ್‌ಬೋರ್ಡನ್ನ ಹಿಂದಕ್ಕೆ ಎಳೆಯೋ ಬಲ ಮೂರು ಪಟ್ಟಾಗಲಿಲ್ಲ. ಉರುಳೋ ಚಕ್ರದ ಘರ್ಷಣೆ ಮುಖ್ಯವಾಗಿ ಮೇಲಿರೋ ತೂಕದ ಮೇಲೆ ನಿಂತಿದೆ, ವೇಗದ ಮೇಲೆ ಅಷ್ಟಾಗಿ ಅಲ್ಲ. ಆಮೇಲೆ ಬೆಲ್ಟು 12ರಲ್ಲಿ ಓಡ್ತಿರೋವಾಗಲೇ ಪಕ್ಕದಲ್ಲಿ ನೆಲದ ಮೇಲೆ ನಿಂತು ಎರಡು ಬೆರಳಲ್ಲಿ ದಾರ ಎಳೆದೆ. ಸ್ಕೇಟ್‌ಬೋರ್ಡು ಆರಾಮಾಗಿ ಮುಂದೆ ಬಂತು. ಆಗ ನಾನೇ ಎತ್ತು. ನನ್ನ ಕಾಲು ಬೆಲ್ಟಿನ ಮೇಲಿರಲಿಲ್ಲ.

ಮನೆಯಲ್ಲಿ ಮಕ್ಕಳು ಇದನ್ನ ಮಾಡೋಕೆ ಟ್ರೆಡ್‌ಮಿಲ್ ಬೇಕಾಗಿಲ್ಲ, ಓಡೋ ಬೆಲ್ಟಿನ ಹತ್ತಿರ ಕೈ ಇಡೋದು ಬೇಡ. ಮೇಜಿನ ಮೇಲೆ ಹಳೇ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೆ ದಾರ ಕಟ್ಟಿದ ಆಟದ ಕಾರು ಇಡಿ. ಒಬ್ಬರು ಪೇಪರನ್ನ ಹಿಂದಕ್ಕೆ ಎಳೀಲಿ, ಇನ್ನೊಬ್ಬರು ದಾರವನ್ನ ಮುಂದಕ್ಕೆ ಎಳೀಲಿ. ಕಾರು ಯಾರ ಮಾತು ಕೇಳುತ್ತೆ ನೋಡಿ.

ಜಮಾ ಖರ್ಚು

ಈಗ ನಿಜವಾದ ವಿಮಾನಕ್ಕೆ ಬರೋಣ. ಇಲ್ಲಿ ಸ್ವಲ್ಪ ನನ್ನ ಕಾಮರ್ಸ್ ಬುದ್ಧಿ ಉಪಯೋಗಿಸ್ತೀನಿ.

ಏರ್‌ಬಸ್ ಎ320, ನಮ್ಮ ದೇಶದಲ್ಲಿ ತುಂಬಾ ಓಡಾಡೋ ವಿಮಾನ. ಪೂರ್ತಿ ಭರ್ತಿಯಾಗಿ ಏಳೋವಾಗ ಅದರ ತೂಕ ಹೆಚ್ಚಂದ್ರೆ ಸುಮಾರು 78 ಟನ್. ಎರಡು ಇಂಜಿನ್. ಒಂದೊಂದೂ ಹತ್ತಿರ ಹತ್ತಿರ 12 ಟನ್ ತೂಕದಷ್ಟು ಬಲದಲ್ಲಿ ಮುಂದಕ್ಕೆ ನೂಕುತ್ತೆ. ಒಟ್ಟು 24 ಟನ್. ಇದು ಜಮಾ.

ಖರ್ಚು ಎಷ್ಟು? ಗಟ್ಟಿ ನೆಲದ ಮೇಲೆ ಉರುಳೋ ವಿಮಾನದ ಟೈರಿನ ಘರ್ಷಣೆ ತೂಕದ ಶೇಕಡಾ ಒಂದೂವರೆ, ಎರಡರ ಆಸುಪಾಸು. ಶೇ. 1.5 ಅಂತ ಹಿಡಿದ್ರೆ 78 ಟನ್‌ಗೆ ಸುಮಾರು 1.2 ಟನ್. ಬೆಲ್ಟು ಹಿಂದಕ್ಕೆ ಓಡಿದ್ರೆ ಈ 1.2 ಸ್ವಲ್ಪ ಹೆಚ್ಚಾಗಬಹುದು. ಎರಡು ಪಟ್ಟೇ ಆಯ್ತು ಅಂದ್ಕೊಳ್ಳಿ, 2.4 ಟನ್. 24ರಲ್ಲಿ 2.4 ಕಳೀರಿ. ಇನ್ನೂ 21 ಟನ್‌ಗಿಂತ ಹೆಚ್ಚು ಬಲ ವಿಮಾನನ ಮುಂದೆ ನೂಕ್ತಾ ಇದೆ. ವಿಮಾನ ನಿಲ್ಲೋಕೆ ಕಾರಣವೇ ಇಲ್ಲ. ನನ್ನ ತಪ್ಪು ಏನಾಗಿತ್ತು ಅಂದ್ರೆ, ವೇಗದಿಂದ ವೇಗ ಕಳೆದಿದ್ದೆ. ಕಳೀಬೇಕಾಗಿದ್ದು ಬಲದಿಂದ ಬಲವನ್ನ. ಲೆಕ್ಕ ಸರಿ, ಬರೆದ ಖಾತೆ ತಪ್ಪು.

ಇಲ್ಲಿ ಇನ್ನೊಂದು ವಿಷಯ ಸ್ಪಷ್ಟ ಆಗಬೇಕು. ವಿಮಾನ ಟ್ರೆಡ್‌ಮಿಲ್ ಮೇಲೆ ನಿಂತಲ್ಲೇ ಇದ್ದು ಹಾರಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಅದು ಮಾಮೂಲಿ ಹಾಗೇ ಓಡಿ, ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗ ಹಿಡಿದು, ಮೂತಿ ಎತ್ತಿ ಏಳೋದು ಕಾಣುತ್ತೆ. ಹಾಗಾಗಿ ರನ್‌ವೇ ಉದ್ದ ಒಂದಿಷ್ಟೂ ಉಳಿಯಲ್ಲ. "ಹಾಗಾದ್ರೆ ನಮ್ಮೂರಲ್ಲೂ ಒಂದು ಟ್ರೆಡ್‌ಮಿಲ್ ಹಾಕಿ ಏರ್‌ಪೋರ್ಟ್ ಮಾಡಿಬಿಡೋಣ" ಅಂತ ಕಾಮೆಂಟ್ ಹಾಕಿದವರಿಗೆ ಇದೇ ಉತ್ತರ. ಆ ಹುಡುಗಿ ಪ್ರಶ್ನೆಯಲ್ಲೇ ರನ್‌ವೇಯಷ್ಟು ಉದ್ದದ ಬೆಲ್ಟು ಅಂತ ಹೇಳಿದ್ಲು, ನಾನೇ ಗಮನಿಸಿರಲಿಲ್ಲ.

ಬದಲಾಗೋದು ಚಕ್ರ ಮಾತ್ರ. ವಿಮಾನ 250ರಲ್ಲಿ ಮುಂದೆ, ಬೆಲ್ಟು 250ರಲ್ಲಿ ಹಿಂದೆ. ಚಕ್ರ 500ರ ವೇಗದಲ್ಲಿ ತಿರುಗಬೇಕು. ಇಂಥ ದೊಡ್ಡ ವಿಮಾನದ ಟೈರುಗಳನ್ನ ಸಾಮಾನ್ಯವಾಗಿ ಗಂಟೆಗೆ 360 ಕಿಲೋಮೀಟರ್‌ವರೆಗಿನ ವೇಗಕ್ಕೆ ಅಂತ ಮಾಡಿರ್ತಾರೆ. ಅಂದ್ರೆ ನಿಜಕ್ಕೂ ಯಾರಾದ್ರೂ ಇಂಥ ಬೆಲ್ಟು ಕಟ್ಟಿದ್ರೆ ಟೈರು ಸಿಡಿಯೋ ಅಪಾಯ ಇದೆ. ಅದು ಟೈರಿನ ಮಿತಿ, ಸಿದ್ಧಾಂತದ್ದಲ್ಲ.

ಚಿಕ್ಕ ವಿಮಾನಕ್ಕೆ ಆ ತೊಂದರೆನೂ ಇಲ್ಲ, ಅದನ್ನ ಮಾಡಿ ನೋಡಿದ್ದಾರೆ. ಅಮೆರಿಕದ 'ಮಿತ್‌ಬಸ್ಟರ್ಸ್' ಟೀವಿ ಕಾರ್ಯಕ್ರಮ ಕೆಲವರು ಡಿಸ್ಕವರಿಯಲ್ಲಿ ನೋಡಿರ್ತೀರಿ. 2008ರ ಜನವರಿಯಲ್ಲಿ ಬಂದ ಸಂಚಿಕೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಟಾರ್ಪಾಲು ಹಾಸಿ, ಅದರ ಮೇಲೆ ತುಂಬಾ ಹಗುರವಾದ ಒಂದು ಚಿಕ್ಕ ವಿಮಾನ ನಿಲ್ಲಿಸಿದ್ರು. ಒಂದು ಟ್ರಕ್ಕು ಟಾರ್ಪಾಲನ್ನ ಹಿಂದಕ್ಕೆ ಎಳೀತಾ ಹೋಯ್ತು, ವಿಮಾನ ಮುಂದಕ್ಕೆ ಹೊರಡ್ತು. ಹೊರಡೋ ಮುಂಚೆ ಪೈಲಟ್ಟೇ "ಏಳಲ್ಲ" ಅಂತ ನಂಬಿದ್ರು. ವಿಮಾನ ಎದ್ದೇಬಿಡ್ತು.

ಗಾಳಿಯೇ ರಸ್ತೆ

ಇದರಿಂದ ನನಗೆ ಇನ್ನೊಂದು ವಿಷಯ ಅರ್ಥ ಆಯ್ತು. ವಿಮಾನಕ್ಕೆ ನೆಲದ ಲೆಕ್ಕ ಬೇಡ, ಗಾಳಿಯ ಲೆಕ್ಕ ಬೇಕು. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಗೊತ್ತು. ಗಾಳಿ ಚೆನ್ನಾಗಿ ಬೀಸ್ತಿದ್ರೆ ನಿಂತಲ್ಲೇ ದಾರ ಬಿಟ್ರೆ ಸಾಕು, ಪಟ ಏರುತ್ತೆ. ಗಾಳಿ ಇಲ್ಲದಿದ್ರೆ ದಾರ ಹಿಡಿದು ಮೈದಾನದ ಉದ್ದಕ್ಕೂ ಓಡಬೇಕು. ಪಟಕ್ಕೆ ನೀವು ಓಡಿದ್ರೋ ಗಾಳಿ ಓಡ್ತೋ ವ್ಯತ್ಯಾಸ ಇಲ್ಲ. ಮುಖಕ್ಕೆ ಗಾಳಿ ಬಡೀಬೇಕು, ಅಷ್ಟೇ.

ವಿಮಾನಗಳು ಗಾಳಿಗೆ ಎದುರಾಗಿ ಏಳೋದು ಇದಕ್ಕೇ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ, ಒಂದೊಂದೂ 4 ಕಿಲೋಮೀಟರ್ ಉದ್ದ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸೋವಾಗ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖಮಾಡಿ ಏಳ್ತವೆ. ಗಾಳಿ ತಿರುಗಿದ್ರೆ ವಿಮಾನಗಳ ಮುಖವೂ ತಿರುಗುತ್ತೆ. ಎದುರುಗಾಳಿ ಗಂಟೆಗೆ 30 ಕಿಲೋಮೀಟರ್ ಇದ್ರೆ, 250 ಬೇಕಾದ ವಿಮಾನ ನೆಲದ ಮೇಲೆ 220 ಓಡಿದ್ರೆ ಸಾಕು. ಮಿಕ್ಕಿದ್ದನ್ನ ಗಾಳಿ ಪುಗಸಟ್ಟೆ ಕೊಡುತ್ತೆ.

ಇನ್ನೂ ಚೆನ್ನಾಗಿರೋ ಉದಾಹರಣೆ ನಮ್ಮ ಕಾರವಾರದಲ್ಲಿದೆ. ಅಲ್ಲಿನ ನೌಕಾನೆಲೆ ಐಎನ್‌ಎಸ್ ವಿಕ್ರಮಾದಿತ್ಯದ ತವರು ಬಂದರು. ವಿಮಾನ ಹೊತ್ತು ಸಾಗೋ ಹಡಗು, ಹಡಗಿನ ಪೂರ್ತಿ ಉದ್ದವೇ ಸುಮಾರು 280 ಮೀಟರ್. ಬೆಂಗಳೂರಿನ 4 ಕಿಲೋಮೀಟರ್ ಎಲ್ಲಿ, ಇದೆಲ್ಲಿ! ಅಷ್ಟು ಚಿಕ್ಕ ಜಾಗದಿಂದ ಯುದ್ಧವಿಮಾನ ಹೇಗೆ ಏಳುತ್ತೆ? ಹಡಗಿನ ಮೂತಿ ಮೇಲಕ್ಕೆ ಬಾಗಿರುತ್ತೆ, ಅದೊಂದು ಸಹಾಯ. ವಿಮಾನದ ಇಂಜಿನ್ ಶಕ್ತಿ ಇನ್ನೊಂದು. ಇವೆರಡರ ಜೊತೆಗೆ ಇಂಥ ಹಡಗುಗಳು ಗಾಳಿಗೆ ಎದುರಾಗಿ ತಿರುಗಿ ವೇಗವಾಗಿ ಸಾಗ್ತಾ ವಿಮಾನಗಳನ್ನ ಬಿಡ್ತವೆ. ಹಡಗು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ರೆ, ವಿಮಾನ ಒಂದು ಇಂಚು ಕದಲೋ ಮುಂಚೆಯೇ ಅದರ ರೆಕ್ಕೆಗೆ 50ರ ಗಾಳಿ ಸಿಕ್ಕಿರುತ್ತೆ.

ಇದನ್ನ ಟ್ರೆಡ್‌ಮಿಲ್ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಚಕ್ರದ ಕೆಳಗಿನ ನೆಲ ಚಲಿಸ್ತಾ ಇದೆ. ಹಡಗು ವಿಮಾನವನ್ನೂ ಹೊತ್ತುಕೊಂಡು ಗಾಳಿಯೊಳಕ್ಕೆ ನುಗ್ಗುತ್ತೆ, ಅದಕ್ಕೇ ಲಾಭ. ಬೆಲ್ಟು ಚಕ್ರದ ಕೆಳಗೆ ಸುಮ್ಮನೆ ಜಾರಿಹೋಗುತ್ತೆ, ವಿಮಾನವನ್ನ ಹೊತ್ತುಕೊಂಡು ಹೋಗಲ್ಲ. ಅದಕ್ಕೇ ಲಾಭವೂ ಇಲ್ಲ, ನಷ್ಟವೂ ಹೆಚ್ಚಿಲ್ಲ.

ಜಗಳ ಇನ್ನೂ ಯಾಕೆ ನಿಂತಿಲ್ಲ?

ಇಷ್ಟು ಸುಲಭ ಇದ್ರೆ ಇಪ್ಪತ್ತು ವರ್ಷ ಜನ ಯಾಕೆ ಕಿತ್ತಾಡಿದ್ರು? ನ್ಯಾಯವಾಗಿ ಇದನ್ನೂ ಹೇಳಬೇಕು. ಯಾಕಂದ್ರೆ ಪ್ರಶ್ನೆ ಒಂದಲ್ಲ, ಎರಡಿವೆ. ಎರಡೂ ಒಂದೇ ಥರ ಕಾಣ್ತವೆ.

ಮೊದಲನೆಯದು ಆ ಹುಡುಗಿ ಕೇಳಿದ್ದು, ಬೆಲ್ಟಿನ ವೇಗ ವಿಮಾನದ ವೇಗಕ್ಕೆ ಸಮ. ಇದಕ್ಕೆ ಉತ್ತರ ಖಚಿತ, ಹಾರುತ್ತೆ. ಎರಡನೆಯದರಲ್ಲಿ, ಬೆಲ್ಟಿನ ವೇಗ ಯಾವಾಗಲೂ ಚಕ್ರದ ವೇಗಕ್ಕೆ ಸಮ ಅಂತಾರೆ. ಇಲ್ಲಿ ಗಂಟು ಬೀಳುತ್ತೆ. ಚಕ್ರ ಜಾರದೆ ಉರುಳಿದ್ರೆ, ಚಕ್ರದ ವೇಗ ಅಂದ್ರೆ ವಿಮಾನದ ವೇಗ ಮತ್ತು ಬೆಲ್ಟಿನ ವೇಗ ಕೂಡಿದ್ದು. ಈಗ ಬೆಲ್ಟೂ ಚಕ್ರವೂ ಸಮ ಆಗಬೇಕಂದ್ರೆ ವಿಮಾನದ ವೇಗ ಸೊನ್ನೆ ಆಗಲೇಬೇಕು. ಅಂದ್ರೆ "ವಿಮಾನ ಕದಲೋ ಹಾಗಿಲ್ಲ" ಅಂತ ಷರತ್ತಿನಲ್ಲೇ ಬರೆದುಬಿಟ್ಟು, ಆಮೇಲೆ "ಕದಲುತ್ತಾ?" ಅಂತ ಕೇಳಿದ ಹಾಗೆ.

ಅಕೌಂಟ್ಸ್ ಓದಿದವರಿಗೆ ಇದು ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ತಾತ್ಕಾಲಿಕವಾಗಿ ಸರಿ ಮಾಡ್ತೀವಿ. ಈ ಎರಡನೇ ಪ್ರಶ್ನೆಯಲ್ಲಿ ಬೆಲ್ಟಿನ ವೇಗ ಅಂಥ ಸಸ್ಪೆನ್ಸ್ ಅಕೌಂಟು. ಲೆಕ್ಕ ತಾಳೆ ಆಗೋಕೆ ಅದು ಏರ್ತಾ, ಏರ್ತಾ, ಏರ್ತಾನೇ ಹೋಗಬೇಕು. ಬೆಲ್ಟು ಹಾಗೆ ಒಂದೇ ಸಮನೆ ವೇಗ ಹೆಚ್ಚಿಸ್ತಾ ಹೋದ್ರೆ, ಭಾರದ ಚಕ್ರವನ್ನ ಇನ್ನೂ ಇನ್ನೂ ಜೋರಾಗಿ ತಿರುಗಿಸೋ ಪ್ರಯತ್ನದಲ್ಲಿ ವಿಮಾನವನ್ನ ನಿಜವಾಗ್ಲೂ ಹಿಂದಕ್ಕೆ ಎಳೆಯುತ್ತೆ. ಹಾಗಾಗಿ ಕಾಗದದ ಮೇಲೆ ಸ್ವಲ್ಪ ಹೊತ್ತು ವಿಮಾನನ ಹಿಡಿದು ನಿಲ್ಲಿಸಬಹುದು. ಆದ್ರೆ ನನ್ನ ಒರಟು ಲೆಕ್ಕದಲ್ಲಿ, ಎ320ನ ಹಿಡಿಯೋಕೆ ಬೆಲ್ಟು ಒಂದೆರಡು ಸೆಕೆಂಡಿನಲ್ಲೇ ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗ ಮುಟ್ಟಬೇಕು. ಟೈರು ಅಷ್ಟರಲ್ಲಿ ಚೂರುಚೂರು. ಅಂಥ ಬೆಲ್ಟು ಭೂಮಿ ಮೇಲಿಲ್ಲ.

ಹೀಗಾಗಿ "ಹಾರಲ್ಲ" ಅನ್ನೋರಲ್ಲಿ ಕೆಲವರು ಈ ಎರಡನೇ ಪ್ರಶ್ನೆಗೆ ಉತ್ತರ ಕೊಡ್ತಿರ್ತಾರೆ, "ಹಾರುತ್ತೆ" ಅನ್ನೋರು ಮೊದಲನೆಯದಕ್ಕೆ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟು ಜಗಳ ಆಡ್ತಾರೆ. ನಮ್ಮ ಮನೆ ಜಗಳಗಳಲ್ಲೂ ಅರ್ಧ ಹೀಗೇ ಅನ್ನಿ. ಆದ್ರೆ ನನ್ನ ತಪ್ಪಿಗೆ ಈ ನೆಪ ಇಲ್ಲ. ಅವಳು ಪ್ರಶ್ನೆಯನ್ನ ಸ್ಪಷ್ಟವಾಗಿಯೇ ಕೇಳಿದ್ಲು.

ಕೊನೆಗೆ

ಆ ಹಳೇ ಸಂಚಿಕೆಯಿಂದ ನಾಲ್ಕು ನಿಮಿಷ ಕತ್ತರಿಸಿ ಮತ್ತೆ ಅಪ್‌ಲೋಡ್ ಮಾಡೋದು ಸುಲಭವಾಗಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ನಿಜ ಹೇಳ್ತೀನಿ, ಎಡಿಟ್ ಮಾಡೋಕೆ ಕೂತೂ ಇದ್ದೆ. ಆದ್ರೆ ಅವಳ ಕಾಲೇಜಿನವರು ನನ್ನ ನಗು ಕೇಳಿಯಾಗಿತ್ತು. ನಗು ಕೇಳಿಸಿದ ಜಾಗದಲ್ಲೇ ತಪ್ಪೂ ಕೇಳಿಸಬೇಕು. ಹಾಗಾಗಿ ಆ ಸಂಚಿಕೆ ಹಾಗೇ ಇರುತ್ತೆ, ಅದರ ಶುರುವಿನಲ್ಲಿ ಒಂದು ನಿಮಿಷದ ತಿದ್ದುಪಡಿ ಸೇರಿಸಿದ್ದೀನಿ. ರೀಲ್ಸ್ ತೆಗೆದು, ಅದೇ ಜಾಗದಲ್ಲಿ ಸ್ಕೇಟ್‌ಬೋರ್ಡ್ ವಿಡಿಯೋ ಹಾಕಿದ್ದೀನಿ. ಅದು ಹಳೇದರಷ್ಟು ಓಡ್ತಿಲ್ಲ. ಪರವಾಗಿಲ್ಲ.

ತಂಗಿ, ನೀನು ಇದನ್ನ ಕೇಳ್ತಿದ್ರೆ, ನಿನ್ನ ಉತ್ತರ ಸರಿ. ನಕ್ಕಿದ್ದಕ್ಕೆ ಕ್ಷಮಿಸು. ಇದನ್ನ ನಿನ್ನ ಕ್ಲಾಸಲ್ಲಿ ಎಲ್ಲರಿಗೂ ಕೇಳಿಸು.

ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಅವಳಿಗೆ ಮೆಸೇಜ್ ಮಾಡಿ, ನಿನ್ನ ಮಾತು ಹೇಳಬಹುದಾ ಅಂತ ಕೇಳಿದ್ದೆ. "ಹೇಳಿ ಅಣ್ಣ, ಹೆಸರು ಬೇಡ" ಅಂದ್ಲು. ಜೊತೆಗೆ ಇನ್ನೊಂದು ಪ್ರಶ್ನೆ ಕಳಿಸಿದ್ದಾಳೆ: "ಬೆಲ್ಟಿನ ಜೊತೆ ಅದರ ಮೇಲಿರೋ ಗಾಳಿಯೂ ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದ್ರೆ, ವಿಮಾನ ತಡವಾಗಿ ಏಳುತ್ತಾ, ಬೇಗ ಏಳುತ್ತಾ?"

ನನ್ನ ಉತ್ತರ ನಾನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೀನಿ. ಗಾಳಿಪಟ ನೆನಪಿಟ್ಕೊಂಡು ಯೋಚಿಸಿ, ನಿಮ್ಮ ಉತ್ತರ ಕಳಿಸಿ. ಯಾಕೆ ಅನ್ನೋದನ್ನೂ ಎರಡು ಸಾಲು ಬರೀರಿ. ಮುಂದಿನ ವಾರ ಎಲ್ಲವನ್ನೂ ಓದ್ತೀನಿ. ಯಾರನ್ನೂ ನೋಡಿ ನಗಲ್ಲ.

ಸಿಗೋಣ, ನಮಸ್ಕಾರ.